ಕೊಂಬಿನ ಹಂಸ

ಮಗಳಿಗೆ ಗೊತ್ತುಮಾಡಲಿರುವ ಹುಡುಗನ ಮನೆಯಲ್ಲಿ ಮೇಸ್ತ್ರಿ ಸಕ್ಕರೆ ಡಬ್ಬಿಯನ್ನು ತಲೆಕೆಳಗು ಮಾಡುವಷ್ಟರಲ್ಲಿ ಮೇಜಿನಡಿ ಹೆಂಡತಿಯ ಹಿಮ್ಮಡಿ ಅವನ ಪಾದದ ಮೇಲೆ ಕೂತಿತು.

"ಡಬ್ಬಿ ಚೆನ್ನಾಗಿದೆ," ಎಂದು ಗೊಣಗಿ ಕೆಳಗಿಟ್ಟ. ಆದರೆ ನೋಡುವುದನ್ನು ನೋಡಿಯಾಗಿತ್ತು. ಡಬ್ಬಿ, ಮುಚ್ಚಳ ಎರಡರ ಬಣ್ಣದಲ್ಲೂ ಎಳ್ಳಷ್ಟು ವ್ಯತ್ಯಾಸವಿಲ್ಲ. ಒಂದೇ ಅಚ್ಚಿನಲ್ಲಿ ಒಟ್ಟಿಗೆ ಹುಟ್ಟಿದವು. ಫ್ಯಾಮಿಲಿ ಮೋಲ್ಡ್.

ಇಪ್ಪತ್ತೆಂಟು ವರ್ಷ ಪ್ಲಾಸ್ಟಿಕ್ ಕಾರ್ಖಾನೆಗೆ ಅಚ್ಚು ಮಾಡಿದ ಕೈ ಅದು. ಏನು ಸಿಕ್ಕರೂ ಮೊದಲು ತಿರುವಿ ನೋಡಬೇಕು. ಅಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ ಎರಡು ಪ್ಲೇಟಿನ ಅಚ್ಚು. ನಡುವೆ ಸೂಜಿಮೊನೆಯಷ್ಟು ಚುಕ್ಕೆಯಿದ್ದರೆ ಬಹುಪಾಲು ಮೂರು ಪ್ಲೇಟಿನದು. ಪುಟ್ಟ ಅಂಕಿಯೊಂದು ಕಂಡರೆ ಒಂದೇ ಸಲಕ್ಕೆ ಹಲವು ಬೀಳುವ ಅಚ್ಚು. ಕೆಟ್ಟ ತುಂಡು ಬಂದಾಗ ಅಚ್ಚಿನ ಯಾವ ಕುಳಿಯ ತಪ್ಪೆಂದು ಹಿಡಿಯಲು ಪ್ರತಿ ಕುಳಿಗೂ ನಂಬರ್ ಕೊರೆದಿರುತ್ತಾರೆ. ಈ ವಿದ್ಯೆಯನ್ನೆಲ್ಲ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಅವನ ಬಾಯಿಗೆ ಬೀಗವಿಲ್ಲ.

ಮಗಳ ಹಿಂದಿನ ಸಂಬಂಧ ಮುರಿದದ್ದೇ ಹಾಗೆ. ಆ ಮನೆಯಾಕೆ ಹೆಮ್ಮೆಯಿಂದ ಹವಳದ ಸರ ತೋರಿಸಿದಳು. ಈ ಮಹಾಶಯ ಒಂದೊಂದೇ ಮಣಿ ತಿರುಗಿಸಿ, "ಪ್ಲಾಸ್ಟಿಕ್ಕಮ್ಮಾ ಇದು, ಇಲ್ನೋಡಿ, ಅಚ್ಚಿನ ಎರಡು ಹೋಳು ಸೇರಿದ ಜೋಡಣೆ ಗೆರೆ," ಎಂದ. ಅಲ್ಲಿಗೆ ಕಥೆ ಮುಗಿಯಿತು.

ಈ ಸಲ ಹುಡುಗನನ್ನು ಮಗಳೇ ಮೆಚ್ಚಿದ್ದಳು. "ಅಪ್ಪಾ, ನಿನ್ನ ದಮ್ಮಯ್ಯ, ಅವರ ಮನೇಲಿ ಏನನ್ನೂ ತಿರುವಿ ನೋಡ್ಬೇಡ," ಎಂದು ಬೇಡಿಕೊಂಡು, ಬರುವ ಧೈರ್ಯವಾಗದೆ ಮನೆಯಲ್ಲೇ ಉಳಿದಿದ್ದಳು.

ಮಾತುಕತೆ ಬೆಣ್ಣೆಯಿಂದ ಕೂದಲು ತೆಗೆದಂತೆ ನಡೆಯಿತು. ಮದುವೆಯ ದಿನ ಗೊತ್ತುಮಾಡುವುದೊಂದೇ ಬಾಕಿ. ಆಗ ಹುಡುಗನ ತಾಯಿ ಗಾಜಿನ ಕಪಾಟು ತೆರೆದು, ಹೆಬ್ಬೆರಳುದ್ದದ ಕಂದು ಹಂಸವೊಂದನ್ನು ತಂದು ಮೇಸ್ತ್ರಿಯ ಅಂಗೈಯಲ್ಲಿಟ್ಟಳು.

"ಕೊಂಬಿನದು. ಮದುವೆಗೆ ಮುಂಚೆ ನಮ್ಮನೆಯವರು ಒಂದು ತಿಂಗಳು ಕೂತು ಕೈಯಾರೆ ಕೆತ್ತಿ ಕೊಟ್ಟಿದ್ದು. ಇಂಥದ್ದು ಪ್ರಪಂಚದಲ್ಲೇ ಇನ್ನೊಂದಿಲ್ಲ. ಇದನ್ನ ನೋಡೇ ನಾನು ಒಪ್ಪಿದ್ದು!"

ಎದುರಿಗಿದ್ದ ಹುಡುಗನ ತಂದೆ, ನಿವೃತ್ತ ಬಸ್ ಕಂಡಕ್ಟರ್, ಚಹಾ ನೆತ್ತಿಗೇರಿ ಕೆಮ್ಮತೊಡಗಿದ.

ಬೇಡವೆಂದರೂ ಮೇಸ್ತ್ರಿಯ ಬೆರಳು ಹಂಸವನ್ನು ತಿರುವಿಯಾಗಿತ್ತು. ಕೊಂಬೂ ಇಲ್ಲ, ಕೆತ್ತನೆಯೂ ಇಲ್ಲ. ಬೆನ್ನುದ್ದಕ್ಕೂ ಅರದಿಂದ ಉಜ್ಜಿ ಅಡಗಿಸಿದ ಜೋಡಣೆ ಗೆರೆ. ಬಾಲದಂಚಿನಲ್ಲಿ ಕತ್ತರಿಸಿದ ಗುರುತು. ಹೊಟ್ಟೆಯಡಿ ಸಾಸಿವೆ ಕಾಳಿನಷ್ಟು ಅಂಕಿ: ೩. ಕೊರೆದವನ ಕೈ ಪಳಗಿರಲಿಲ್ಲ, ಅಂಕಿ ವಾರೆಯಾಗಿತ್ತು. ಮೇಸ್ತ್ರಿಯ ಮುಖದ ಬಣ್ಣ ಬದಲಾಯಿತು. ಬಾಯಿ ತೆರೆಯಿತು.

ಹೆಂಡತಿ ಹಂಸವನ್ನು ನೋಡಿದಳು. ಅವನನ್ನು ನೋಡಿದಳು. ಈ ಸಲ ಹಿಮ್ಮಡಿ ಸ್ವಲ್ಪ ಜೋರಾಗಿಯೇ ಬಿತ್ತು.

"ನೀವು ಹೇಳಿ ರೀ," ಎಂದಳು ಬಲು ಮೆತ್ತಗೆ. "ನಿಮಗೆ ಇದೆಲ್ಲ ಗೊತ್ತಾಗುತ್ತಲ್ಲ. ಇಂಥದ್ದನ್ನ ಕೆತ್ತೋಕೆ ನಿಜವಾಗ್ಲೂ ಒಂದು ತಿಂಗಳು ಬೇಕಾ?"

ಕಂಡಕ್ಟರ್ ಕಣ್ಣಲ್ಲೇ ಕೈಮುಗಿಯುತ್ತಿದ್ದ. ಮೇಸ್ತ್ರಿಯ ಹಣೆಯಲ್ಲಿ ಬೆವರು ಸಾಲುಗಟ್ಟಿತು. ಕಂಡದ್ದನ್ನು ಆಡದಿದ್ದರೆ ಹೊಟ್ಟೆಯುಬ್ಬರಿಸುವ ಮನುಷ್ಯ, ಪಾಪ. ಆದರೆ ಮಗಳ ಮದುವೆ ಈಗ ಅವನ ಅಂಗೈ ಮೇಲೆ ಕೂತಿತ್ತು.

"ಬೇಕು," ಎಂದ ಉಗುಳು ನುಂಗಿ. "ತಿಂಗಳಾದ್ರೂ ಬೇಕು. ಅಪ್ಪಟ ಕೈಕೆಲಸ."

"ನೀವೇ ಹೇಳಿದ ಮೇಲೆ ಮುಗೀತು ಬಿಡಿ," ಎಂದಳು ಹೆಂಡತಿ.

ಹುಡುಗನ ತಾಯಿ ಹಿಗ್ಗಿ ಹೀರೇಕಾಯಿಯಾದಳು. ದಿನ ಗೊತ್ತಾಯಿತು. ಬೀಳ್ಕೊಡಲು ಬಂದ ಕಂಡಕ್ಟರ್ ಮೇಸ್ತ್ರಿಯ ಕೈ ಹಿಡಿದವನು ಬಿಡಲೇ ಒಲ್ಲ. "ಬೀಗರೇ, ನೀವು ದೊಡ್ಡ ಮನುಷ್ಯರು," ಎಂದ.

ಮನೆಯಲ್ಲಿ ಸುದ್ದಿ ಕೇಳಿದ ಮಗಳು ಅಪ್ಪನ ಕೊರಳಿಗೆ ಜೋತುಬಿದ್ದಳು. "ಅಪ್ಪ ಬಾಯೇ ಬಿಡಲಿಲ್ವಾ? ನಂಬೋಕೇ ಆಗ್ತಿಲ್ಲಮ್ಮ!"

"ಎಲ್ಲಾ ನಿನಗೋಸ್ಕರ ಕಣೇ," ಎಂದ ಮೇಸ್ತ್ರಿ ಎದೆಯುಬ್ಬಿಸಿ. ಮಗಳು ಹುಡುಗನಿಗೆ ಫೋನ್ ಮಾಡಲು ಒಳಗೋಡಿದಳು.

ಹೆಂಡತಿ ಬೀರು ತೆರೆದಳು. ಬಟ್ಟೆಗಳ ತಳದಿಂದ, ಹತ್ತಿಯಲ್ಲಿ ಸುತ್ತಿಟ್ಟಿದ್ದ ಪುಟ್ಟ ಕಂದು ಹಂಸವೊಂದನ್ನು ಹೊರತೆಗೆದಳು. ಕಾರ್ಖಾನೆಗೆ ಹೊಸದಾಗಿ ಸೇರಿದ್ದಾಗ ಇದೇ ಮೇಸ್ತ್ರಿ, ಕೊಂಬಿನಲ್ಲಿ ತಿಂಗಳುಗಟ್ಟಲೆ ಕೂತು ಕೈಯಾರೆ ಕೆತ್ತಿದ್ದು ಎಂದು ಆಣೆಯಿಟ್ಟು, ಮದುವೆಗೆ ಮುಂಚೆ ಅವಳಿಗೆ ಕೊಟ್ಟದ್ದು. ಅದನ್ನು ಗಂಡನ ಕಣ್ಣಮುಂದೆ ಹಿಡಿದು, ನಿಧಾನವಾಗಿ ತಲೆಕೆಳಗು ಮಾಡಿದಳು. ಹೊಟ್ಟೆಯಡಿ ಅದೇ ವಾರೆ ಅಂಕಿ: ೧.

"ನಂಬರ್ ಒಂದು ನಮ್ಮನೇಲಿದೆ. ನಂಬರ್ ಮೂರು ಬೀಗರ ಮನೇಲಿದೆ. ನಂಬರ್ ಎರಡನ್ನ ಯಾರಿಗೆ ಕೊಟ್ರಿ, ಅದನ್ನ ಹೇಳಿ."