ಐದರ ಮೇಲೆ ಹತ್ತು ಪರ್ಸೆಂಟ್

ಈಜುಕೊಳದ ಮ್ಯಾನೇಜರ್ ತರಗತಿಯ ನಡುವೆಯೇ ಕೋಚಮ್ಮನನ್ನು ಆಫೀಸಿಗೆ ಕರೆಸಿ, ಮುಂದಿನ ತಿಂಗಳಿಂದ ಬೆಳಗಿನ ಏಳು ಗಂಟೆಯ ಹೊತ್ತು ನಿಮಗಿಲ್ಲ ಎಂದುಬಿಟ್ಟರು. ಅರವತ್ತು ದಾಟಿದ ಹತ್ತು ಹೆಂಗಸರಿಗೆ ಅವಳು ಈಜು ಕಲಿಸುತ್ತಿದ್ದ ಹೊತ್ತು ಅದು. ಬದಲಿಗೆ ಸಿಗುವುದು ಮಧ್ಯಾಹ್ನ ಎರಡು ಗಂಟೆ. ಆಗ ಒಬ್ಬರೂ ಬರಲಾರರು. ಕೆಲವರು ಮೊಮ್ಮಕ್ಕಳನ್ನು ಶಾಲೆಯಿಂದ ಕರೆತರಬೇಕು, ಉಳಿದವರಿಗೆ ಊಟವಾದ ಮೇಲೆ ಒಂದು ನಿದ್ದೆಯಾಗದಿದ್ದರೆ ಸಂಜೆಯೆಲ್ಲ ಸಿಡುಕು.

"ನಾನೇನು ತಪ್ಪು ಮಾಡಿದೆ ಸಾರ್?" ಕೋಚಮ್ಮನ ಜಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ತಪ್ಪೇನಿಲ್ಲಮ್ಮ, ಲೆಕ್ಕ ನೋಡಿ." ಕಲಿಯಲು ಬರುವವರೆಲ್ಲ ವರ್ಷಕ್ಕೊಮ್ಮೆ ತಮ್ಮ ತರಗತಿಗೆ ಒಂದರಿಂದ ಐದರವರೆಗೆ ಅಂಕ ಕೊಡುವುದು ಅಲ್ಲಿನ ಪದ್ಧತಿ. ಒಂದೆಂದರೆ ತೀರಾ ಕಳಪೆ, ಐದೆಂದರೆ ಬಹಳ ಚೆನ್ನ. ಮ್ಯಾನೇಜರ್ ಆ ಹಾಳೆಯನ್ನು ಅವಳ ಕಡೆ ತಿರುಗಿಸಿದರು. "ಹೋದ ವರ್ಷ ನಿಮ್ಮ ಸರಾಸರಿ ನಾಲ್ಕು ಪಾಯಿಂಟ್ ಎಂಟು, ಈ ವರ್ಷ ನಾಲ್ಕು ಪಾಯಿಂಟ್ ಒಂಬತ್ತು. ಏರಿಕೆ ಬರೀ ಎರಡು ಪರ್ಸೆಂಟ್. ಹತ್ತಾದ್ರೂ ಆಗ್ಲೇಬೇಕು ಅಂತ ಹೆಡ್ಡಾಫೀಸಿನ ಆರ್ಡರು. ಒಂಬತ್ತು ಗಂಟೆ ತರಗತಿಯವರನ್ನ ನೋಡಿ, ಎರಡರಿಂದ ಮೂರಕ್ಕೆ ಬಂದಿದ್ದಾರೆ. ಐವತ್ತು ಪರ್ಸೆಂಟ್! ಏಳು ಗಂಟೆ ಇನ್ಮೇಲೆ ಅವರಿಗೆ."

ನೀರಲ್ಲಿ ಮುಳುಗುವವರನ್ನು ಎತ್ತುವ ವಿದ್ಯೆ ಕೋಚಮ್ಮನಿಗೆ ಗೊತ್ತಿತ್ತು, ಪರ್ಸೆಂಟಿನ ವಿದ್ಯೆ ಗೊತ್ತಿರಲಿಲ್ಲ. ಅಳು ನುಂಗಿಕೊಂಡು ಹೊರಗೆ ಬಂದಳು. ಕೊಳದ ಅಂಚಿನಲ್ಲಿ ಕಾಲಾಡಿಸುತ್ತಾ ಕೂತಿದ್ದ ಹತ್ತೂ ಹೆಂಗಸರು ವಿಷಯ ಕೇಳಿ ಒಟ್ಟಿಗೇ ಬಾಯಿ ಮಾಡಿದರು. ಅವರಲ್ಲೊಬ್ಬರು ಲೆಕ್ಕದ ಟೀಚರ್. ನಿವೃತ್ತಿಯಾಗಿ ಎಂಟು ವರ್ಷವಾದರೂ ತಪ್ಪು ಲೆಕ್ಕ ಕಂಡರೆ ಅವರಿಗೆ ಈಗಲೂ ಮೈ ಉರಿಯುತ್ತದೆ, ಅದು ಒದ್ದೆ ಮೈಯಾಗಿದ್ದರೂ ಸರಿ. ಟವೆಲ್ ಹೊದ್ದು, ಈಜುಟೋಪಿಯನ್ನೂ ತೆಗೆಯದೆ, ಪಚಪಚ ಹೆಜ್ಜೆ ಹಾಕುತ್ತಾ ಆಫೀಸಿಗೆ ನುಗ್ಗಿದರು. ಕೋಚಮ್ಮ ಹಿಂದೆಯೇ ಓಡಿದಳು.

"ನಾಲ್ಕು ಪಾಯಿಂಟ್ ಎಂಟಕ್ಕೆ ಹತ್ತು ಪರ್ಸೆಂಟ್ ಸೇರಿಸಿದ್ರೆ ಎಷ್ಟು ಸ್ವಾಮಿ?"

ಮ್ಯಾನೇಜರ್ ಕ್ಯಾಲ್ಕುಲೇಟರ್ ಒತ್ತಿದರು. "ಐದು ಪಾಯಿಂಟ್ ಎರಡು ಎಂಟು."

"ನಿಮ್ಮ ಫಾರಂನಲ್ಲಿ ಐದಕ್ಕಿಂತ ಮೇಲೆ ಏನಾದ್ರೂ ಇದೆಯಾ?"

"ಇಲ್ಲ..."

"ಹತ್ತೂ ಜನ ಐದೈದು ಕೊಟ್ಟಿದ್ರೂ ಏರಿಕೆ ನಾಲ್ಕು ಚಿಲ್ಲರೆ ಅಷ್ಟೇ. ತಲೆ ಸೂರಿಗೆ ತಾಗಿದೆ, ಇನ್ನೂ ಉದ್ದ ಬೆಳೀರಿ ಅಂದ್ರೆ ಎಲ್ಲಿಗ್ರೀ ಬೆಳೆಯೋದು?"

ಮ್ಯಾನೇಜರ್ ಕೆಟ್ಟವರೇನಲ್ಲ, ಪಾಪ. ತಲೆ ಕೆರೆದುಕೊಂಡರು. "ನೀವು ಹೇಳೋದು ನಿಜ ಟೀಚರೇ. ಆದ್ರೆ ಹೆಡ್ಡಾಫೀಸಿನವರು ನೋಡೋದು ಒಂದೇ ಒಂದು ಅಂಕಿ. ಎರಡು ಅಂತ ಬರೆದು ಕಳಿಸಿದ್ರೆ ನನ್ನ ಕುರ್ಚಿಗೇ ಕುತ್ತು."

"ದೊಡ್ಡ ಅಂಕಿ ತಾನೇ ಬೇಕು? ಕೊಡಿ ಇಲ್ಲಿ ಪೆನ್ನು." ಟೀಚರ್ ಒದ್ದೆ ಮೊಣಕೈಯನ್ನು ಮೇಜಿಗೆ ಊರಿದರು. ಮೇಲಿದ್ದ ಕಾಗದಗಳನ್ನು ಮ್ಯಾನೇಜರ್ ಗಡಿಬಿಡಿಯಲ್ಲಿ ಎತ್ತಿಕೊಂಡರು. "ಏರಿಕೆ ಬಿಡಿ, ಕೊರತೆ ಅಳೀರಿ. ಹೋದ ವರ್ಷ ಐದಕ್ಕೆ ಎಷ್ಟು ಕಮ್ಮಿ ಇತ್ತು? ಸೊನ್ನೆ ಪಾಯಿಂಟ್ ಎರಡು. ಈ ವರ್ಷ ಸೊನ್ನೆ ಪಾಯಿಂಟ್ ಒಂದು. ಎಷ್ಟು ಇಳೀತು?"

"ಅರ್ಧಕ್ಕರ್ಧ! ಅಂದ್ರೆ... ಐವತ್ತು ಪರ್ಸೆಂಟ್!"

"ಒಂಬತ್ತು ಗಂಟೆಯವರ ಕೊರತೆ ಮೂರಿತ್ತು, ಎರಡಾಯ್ತು. ಅದು ಮೂವತ್ತಮೂರು. ಈಗ ಹೇಳಿ, ಏಳು ಗಂಟೆ ಯಾರಿಗೆ?"

ಮ್ಯಾನೇಜರ್ ಮುಖ ಅರಳಿತು. 'ಕೊರತೆಯಲ್ಲಿ ಶೇಕಡಾ ಐವತ್ತು ಇಳಿಕೆ' ಎಂದು ತಾವೇ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಕೋಚಮ್ಮನ ಕೈ ಕುಲುಕಿ ಅಭಿನಂದನೆ ಬೇರೆ ಹೇಳಿದರು. ಅವಳು ಪಾಠ ಹೇಳುವ ರೀತಿಯಲ್ಲಿ ಬೆಳಗಿನಿಂದ ಯಾವ ಬದಲಾವಣೆಯೂ ಆಗಿರಲಿಲ್ಲ. ಆದರೂ ಅವಳಿಗೆ ಹೋದ ಜೀವ ಬಂದಂತಾಯಿತು.

ಕೊಳದ ಕಡೆ ನಡೆಯುತ್ತಾ ಅವಳು ಮೆಲ್ಲಗೆ ಕೇಳಿದಳು. "ಟೀಚರ್, ನಾಲ್ಕು ಪಾಯಿಂಟ್ ಒಂಬತ್ತು ಅಂದ್ರೆ ಹತ್ತರಲ್ಲಿ ಯಾರೋ ಒಬ್ಬರು ನಂಗೆ ನಾಲ್ಕೇ ಕೊಟ್ಟಿದ್ದಾರೆ ಅಂತಾಯ್ತಲ್ಲ. ಯಾರಿರಬಹುದು?"

"ನಾನೇ ಕಣೇ."

ಕೋಚಮ್ಮ ನಿಂತೇಬಿಟ್ಟಳು. "ನೀವಾ? ನಾನೇನು ಕಮ್ಮಿ ಮಾಡಿದೆ?"

"ಏನೂ ಇಲ್ಲ. ಈ ವಯಸ್ಸಲ್ಲಿ ನನ್ನನ್ನ ತೇಲಿಸಿದ್ದೀಯ, ಇನ್ನೇನು ಬೇಕು? ಎಲ್ಲರೂ ಐದೇ ಕೊಟ್ಟುಬಿಟ್ರೆ ಮುಂದಿನ ವರ್ಷ ಏನು ತೋರಿಸ್ತೀಯ? ಅದಕ್ಕೇ ಒಂದಂಕ ಎತ್ತಿಟ್ಟೆ."

"ಮತ್ತೆ ಅದರಾಚೆ ವರ್ಷಕ್ಕೆ?"

ಟೀಚರ್ ಟವೆಲ್ ತೆಗೆದು ಅವಳ ಹೆಗಲ ಮೇಲೆ ಹಾಕಿ ನೀರಿಗಿಳಿದರು.

"ಅಷ್ಟರೊಳಗೆ ನೀನು ಸ್ವಲ್ಪ ಕೆಟ್ಟದಾಗಿ ಕಲಿಸೋದನ್ನ ಕಲ್ತಿರ್ಬೇಕು."