ಹುಳ ತಿಂದ ಜಾತಕ

ಅಂಬುಜಾಕ್ಷಿ ಕಪಾಟು ತೆಗೆದಾಗ ಬೆಳ್ಳಿಹುಳುವೊಂದು ಸರ್ರನೆ ಓಡಿತು. ಕುಜದೋಷ ತೋರಿಸಿ ಮಗಳಿಗೆ ಏಳು ಸಂಬಂಧ ತಪ್ಪಿಸಿದ್ದ ಜಾತಕದ ಹಾಳೆ ಜರಡಿಯಂತಾಗಿತ್ತು.

“ನುಸಿಗುಳಿಗೆ ಇಡು ಅಂತ ಎಷ್ಟು ಸಲ ಬಡ್ಕೊಂಡೆ!” ಎಂದು ಗಂಡ ರೇಗಿದರು.

“ಇಡದಿದ್ದದ್ದೇ ಒಳ್ಳೇದಾಯ್ತು, ಸುಮ್ನಿರಿ,” ಎಂದು ಆಕೆ ನಕ್ಕರು.

ಭಾನುವಾರ ಬಂದ ಗಂಡಿನ ಕಡೆಯವರಿಗೆ ಹುಡುಗಿ ತುಂಬಾ ಹಿಡಿಸಿದಳು. ಹುಡುಗನ ತಾಯಿ ಜಾತಕ ಕೇಳಿದರು. ಅಂಬುಜಾಕ್ಷಿ ಆ ತೂತು ಹಾಳೆಯನ್ನು ತಟ್ಟೆಯಲ್ಲಿ ತಂದಿಟ್ಟರು.

“ಹುಳ ತಿಂದ್ಬಿಟ್ಟಿದೆ ನೋಡಿ. ಆದ್ರೆ ದೇವರಾಣೆಗೂ ಇದ್ರಲ್ಲಿ ಒಂದೇ ಒಂದು ದೋಷ ಇರ್ಲಿಲ್ಲ.”

ಹುಡುಗನ ತಾಯಿ ನಿಟ್ಟುಸಿರು ಬಿಟ್ಟು ಎದ್ದರು.

“ಏನ್ ಮಾಡೋದಮ್ಮ, ನಮ್ಮ ಹುಡುಗನಿಗೆ ಕುಜದೋಷ. ಅದೇ ದೋಷ ಇರೋ ಹುಡುಗೀನೇ ತನ್ನಿ ಅಂದಿದಾರೆ ಜೋಯಿಸರು.”