ನಮ್ಮೂರೇ ಕೈಕೊಟ್ಟ ಎಲೆಕ್ಷನ್ನು

ಕೀಸಿದ ತೇಗದ ಮರದ ವಾಸನೆ ಬಂದರೆ ನನಗೆ ಈಗಲೂ ಶೀಳನೆರೆಯ ಅಜ್ಜಿಮನೆಯಲ್ಲಿ ನಾವು ಗೆದ್ದ ಎಲೆಕ್ಷನ್ನು ನೆನಪಾಗುತ್ತದೆ.

ಬಾಗಿಲುಗಳ ಡಿಸೈನು ನೋಡಲೆಂದು ಮಾವ ಮರಗೆಲಸದ ಶೆಡ್ಡಿನಲ್ಲಿ ಕಂಪ್ಯೂಟರು ಇಟ್ಟಿದ್ದರು. ಅವರು ಊಟಕ್ಕೆದ್ದರೆ ಅದು ನನ್ನದು, ಅವರ ಮಗ ಮಂಜನದು. ಅದರಲ್ಲೊಂದು ಚುನಾವಣೆಯ ಆಟವಿತ್ತು. ಯಾವ ಜಿಲ್ಲೆಯಲ್ಲಿ ಭಾಷಣ, ಎಲ್ಲಿ ಪೋಸ್ಟರು ಎಂದು ನಾವೇ ತೀರ್ಮಾನಿಸಬೇಕು. ನಮ್ಮದೇ ಜಿಲ್ಲೆ ಎಲ್ಲಿಗೆ ಹೋದೀತು ಎಂದು ನಾವು ಅತ್ತ ತಲೆಯೇ ಹಾಕಲಿಲ್ಲ. ಎಣಿಕೆ ಮುಗಿದಾಗ ಅದೊಂದೇ ಕೈಕೊಟ್ಟು ಸೋತಿದ್ದೆವು.

ಮರದ ಹೊಟ್ಟು ಗುಡಿಸುತ್ತಿದ್ದ ಅಜ್ಜಿ ನಮ್ಮ ಗೋಳು ಕೇಳಿ ಹತ್ತಿರ ಬಂದಳು. ಹಿಂದಿನ ವರ್ಷ ಅವಳೂ ಪಂಚಾಯ್ತಿಗೆ ನಿಂತು ಸೋತಿದ್ದಳು. ತಂಗಿಯೇ ವೋಟು ಹಾಕಲಿಲ್ಲವೆಂದು ಪಕ್ಕದ ಮನೆಯ ಆ ಚಿಕ್ಕಜ್ಜಿಯ ಜೊತೆ ಮಾತು ಬಿಟ್ಟಿದ್ದಳು.

"ನಿಮ್ಮೂರೋರ್ನ ವೋಟು ಕೇಳಿದ್ರೇನ್ಲಾ?"

"ಅವ್ರು ನಮ್ಮೋರೇ ಕಣಜ್ಜಿ. ಕೇಳೋದೇನು?" ಎಂದ ಮಂಜ.

"ಮದ್ವೆಗೆ ಒಡಹುಟ್ಟಿದೋರ್ನೂ ಕುಂಕುಮ ಇಟ್ಟೇ ಕರೀಬೇಕು ಕಣ್ಲಾ. ವೋಟೂ ಅಂಗೇಯ."

ಅಷ್ಟು ಹೇಳಿ ಅಜ್ಜಿ ಪೊರಕೆ ಹಿಡಿದೇ ಪಕ್ಕದ ಮನೆಯತ್ತ ನೋಡಿದಳು.

ನಾವು ಮತ್ತೆ ಆಡಿದೆವು. ಮೊದಲ ಭಾಷಣ ನಮ್ಮೂರ ಜಿಲ್ಲೆಯಲ್ಲೇ ಮಾಡಿಸಿದೆವು. ಗೆದ್ದು ಭೂಪಟವೆಲ್ಲ ನಮ್ಮ ಹಸಿರು ಬಣ್ಣವಾದಾಗ ಮಂಜ ಹೊಟ್ಟಿನ ರಾಶಿಗೆ ಹಾರಿದ, ಅವನ ಮೇಲೆ ನಾನೂ ಹಾರಿದೆ. ಅಜ್ಜಿ ಬಾಯ್ತುಂಬ ನಕ್ಕು, ಉಳಿ ಬಾಚಿಗಳಿಗೆ ಇಡುವ ಕುಂಕುಮದ ಬಟ್ಟಲು ತಂದು ಕಂಪ್ಯೂಟರಿನ ಹಣೆಗೂ ಇಟ್ಟಳು.

ಬಟ್ಟಲನ್ನು ಮಾತ್ರ ಕೆಳಗಿಡಲಿಲ್ಲ. ಸೆರಗಿನಿಂದ ಹೊಟ್ಟು ಕೊಡವಿಕೊಂಡು, ಹಾಗೇ ಹಿಡಿದುಕೊಂಡು ಹೊರಟಳು. ನಾವು ಕಿಟಕಿಗೆ ಓಡಿದೆವು. ಪಕ್ಕದ ಚಿಕ್ಕಜ್ಜಿಯ ಮನೆ ಬಾಗಿಲಲ್ಲಿ ಅವಳ ದನಿ ಕೇಳಿಸಿತು.

"ಪುಟ್ಟಿ, ಒಳಗಿದ್ದೀಯೇನೇ?"